ಸ್ಪೀಡಿಂಗ್ ಟಿಕೆಟ್ ಬಂತಾ? ಮೊದಲು ಪೆನ್ನು ತಗೊಳ್ಳಿ

ಮಿತಿ ಮೀರಿದ ವೇಗಕ್ಕೆ ದಂಡದ ಚೀಟಿ ಬಂದಾಗ ಜನ ಸಾಮಾನ್ಯವಾಗಿ ಎರಡು ತಪ್ಪಿನಲ್ಲಿ ಒಂದನ್ನು ಮಾಡುತ್ತಾರೆ. ಕೆಲವರು ರಸ್ತೆ ಬದಿಯಲ್ಲೇ ಪೊಲೀಸರ ಜೊತೆ ವಾದಕ್ಕಿಳಿಯುತ್ತಾರೆ. ಇನ್ನು ಕೆಲವರು ಲಕೋಟೆಯನ್ನು ಒಡೆಯದೆ ಎಲ್ಲೋ ಇಟ್ಟು ಮರೆತುಬಿಡುತ್ತಾರೆ. ನಮ್ಮ ಭಾವ ಎರಡನೇ ಗುಂಪಿನವರು. ಅವರಿಗೆ ಬಂದಿದ್ದ ಕ್ಯಾಮೆರಾ ನೋಟಿಸ್ ನನ್ನ ಕಣ್ಣಿಗೆ ಬೀಳುವಷ್ಟರಲ್ಲಿ ಗಡುವು ಮುಗಿದು ಹನ್ನೊಂದು ದಿನವಾಗಿತ್ತು. ಫೋಟೊವನ್ನು ಬೆಳಕಿಗೆ ಹಿಡಿದು ನೋಡಿದೆ. ಅದರಲ್ಲಿದ್ದ ನಂಬರ್ ಪ್ಲೇಟಿನ ಕೊನೆಯ ಅಂಕಿ 3. ಭಾವನ ಕಾರಿನದು 8. ಕಾರಿನ ಬಣ್ಣವೂ ಬೇರೆ! ಒಂದು ಪತ್ರದಲ್ಲಿ ಮುಗಿಯಬೇಕಾಗಿದ್ದ ವಿಷಯಕ್ಕೆ ಅವರು ಮೂರು ತಿಂಗಳು ಓಡಾಡಿದರು.

ಅದಕ್ಕೇ ಈ ಲೇಖನ. ನೀವು ನಿಜವಾಗಿ ಜೋರಾಗಿ ಓಡಿಸಿದ್ದರೆ ಇದರಿಂದ ಪಾರಾಗಲು ಆಗುವುದಿಲ್ಲ, ಆಗಲೂಬಾರದು. ಆದರೆ ಚೀಟಿಯಲ್ಲಿರುವ ವೇಗ ನಿಮ್ಮದೇ ಹೌದಾ ಅಂತ ನೋಡುವ ಹಕ್ಕು ಎಲ್ಲರಿಗೂ ಇದೆ.

1. ನಿಲ್ಲಿಸಿದಾಗ

ಇಂಡಿಕೇಟರ್ ಹಾಕಿ, ಗಾಡಿ ಬದಿಗೆ ತನ್ನಿ, ಎಂಜಿನ್ ಆರಿಸಿ, ಕೈ ಸ್ಟಿಯರಿಂಗ್ ಮೇಲಿರಲಿ. ರಾತ್ರಿಯಾದರೆ ಒಳಗಿನ ದೀಪ ಹಾಕಿ. ಕೇಳಿದಾಗ ಕಾಗದ ಪತ್ರ ಕೊಡಿ.

"ಯಾಕೆ ನಿಲ್ಲಿಸಿದೆ ಗೊತ್ತಾ?" ಅಂತ ಕೇಳುತ್ತಾರೆ. ಇಲ್ಲೇ ಜನ ಜಾರುವುದು. "ಸ್ವಲ್ಪ ಜಾಸ್ತಿ ಸ್ಪೀಡಲ್ಲಿದ್ದೆ ಅನ್ಸುತ್ತೆ ಸರ್" ಅಂದರೆ ಮುಗಿಯಿತು, ಆ ಮಾತು ಟಿಪ್ಪಣಿಗೆ ಹೋಗುತ್ತದೆ. ಸುಳ್ಳೂ ಹೇಳಬೇಡಿ, ಅಂದಾಜೂ ಒಪ್ಪಿಸಬೇಡಿ. "ನೀವೇ ಹೇಳಿ ಸರ್" ಸಾಕು. ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿ: "ವೇಗ ಯಾವುದರಲ್ಲಿ ಅಳೆದಿರಿ, ರೇಡಾರಾ ಲೇಸರಾ?" ಮೃದುವಾಗಿ ಕೇಳಿ. ಉತ್ತರ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಸಹಿ ಹಾಕಲು ಹೇಳಿದರೆ ಸಹಿಯ ಮೇಲಿನ ಸಾಲು ಓದಿ. ಅನೇಕ ಕಡೆ ಅದು ಚೀಟಿ ತಲುಪಿದೆ, ಹಾಜರಾಗುತ್ತೇನೆ ಅನ್ನುವುದಕ್ಕೆ ಮಾತ್ರ. ತಪ್ಪೊಪ್ಪಿಗೆ ಅಲ್ಲ.

2. ಮೊದಲ ಒಂದು ಗಂಟೆ

ಮುಂದೆ ಸುರಕ್ಷಿತವಾದ ಜಾಗ ಸಿಕ್ಕ ಕೂಡಲೇ ಗಾಡಿ ನಿಲ್ಲಿಸಿ ಬರೆಯಿರಿ. ಫೋನಿನಲ್ಲಿ ಟೈಪ್ ಮಾಡುವುದಕ್ಕಿಂತ ಕಾಗದ, ಪೆನ್ನು ಒಳ್ಳೆಯದು. ಯಾಕೆಂದರೆ ಚಿತ್ರ ಬಿಡಿಸಬೇಕು. ರಸ್ತೆ ಎಳೆಯಿರಿ, ಲೇನುಗಳನ್ನು ಎಳೆಯಿರಿ. ನೀವು ಎಲ್ಲಿದ್ದಿರಿ, ಪೊಲೀಸರು ಎಲ್ಲಿ ನಿಂತಿದ್ದರು, ನಿಮ್ಮ ಅಕ್ಕಪಕ್ಕ ಯಾವ ಗಾಡಿಗಳಿದ್ದವು, ಲಾರಿ ಇತ್ತಾ, ತಿರುವಿತ್ತಾ, ಇಳಿಜಾರಿತ್ತಾ, ಮಳೆ ಬರುತ್ತಿತ್ತಾ, ಎಲ್ಲವನ್ನೂ ಹಾಕಿ. ವಾರ ಕಳೆದ ಮೇಲೆ ಇದು ಯಾವುದೂ ನೆನಪಿರುವುದಿಲ್ಲ.

ವೇಗಮಿತಿಯ ಫಲಕ ಮರದ ಕೊಂಬೆಯ ಹಿಂದೆ ಅಡಗಿದ್ದರೆ ಅವತ್ತೇ ಫೋಟೊ ತೆಗೆಯಿರಿ. ಕೊಂಬೆ ನಾಳೆ ಕತ್ತರಿಸಿಬಿಡಬಹುದು. ಫೋಟೊ ಡ್ರೈವರ್ ಸೀಟಿನಿಂದ ಕಾಣುವ ಎತ್ತರದಲ್ಲೇ ಇರಲಿ.

ಡ್ಯಾಶ್‌ಕ್ಯಾಮ್ ಇದ್ದವರು ಮೆಮೊರಿ ಕಾರ್ಡನ್ನು ಈಗಲೇ ಹೊರಗೆ ತೆಗೆಯಿರಿ. ಅದು ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತದೆ. ಮನೆ ತಲುಪಿದ ಮೇಲೆ ನೋಡೋಣ ಅಂತ ಬಿಟ್ಟು ಸಾಕ್ಷಿ ಕಳೆದುಕೊಂಡವರನ್ನು ನಾನೇ ನೋಡಿದ್ದೇನೆ.

3. ಚೀಟಿಯನ್ನು ನಿಜವಾಗಿ ಓದುವುದು

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ದಂಡದ ಮೊತ್ತ ನೋಡಿ ಚೀಟಿ ಮಡಚಿಡುವವರೇ ಜಾಸ್ತಿ. ಮೊದಲು ಗಡುವು ನೋಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆಮೇಲೆ ನಂಬರ್, ದಿನ, ಸಮಯ, ಜಾಗ. ಆಮೇಲೆ ವೇಗ ಅಳೆದ ವಿಧಾನ. ಮುಂದಿನದೆಲ್ಲ ಈ ಒಂದು ಸಾಲಿನ ಮೇಲೆ ನಿಂತಿದೆ, ಆದ್ದರಿಂದ ಒಂದೊಂದಾಗಿ ಹೇಳುತ್ತೇನೆ.

ರೇಡಾರ್ ಒಂದು ರೇಡಿಯೊ ಅಲೆಯನ್ನು ಕಳಿಸುತ್ತದೆ. ಅದು ನಿಮ್ಮ ಗಾಡಿಗೆ ಬಡಿದು ವಾಪಸ್ ಬರುವಾಗ ಅದರ ಆವರ್ತನ ಸ್ವಲ್ಪ ಬದಲಾಗಿರುತ್ತದೆ. ಆಂಬುಲೆನ್ಸ್ ಹತ್ತಿರ ಬರುವಾಗ ಸೈರನ್ ಸ್ವರ ಏರಿ, ದಾಟಿ ಹೋದ ಮೇಲೆ ಇಳಿಯುತ್ತದಲ್ವಾ, ಅದೇ ತತ್ವ. 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಹೇಳಿದ್ದು. ಪೊಲೀಸ್ ರೇಡಾರ್ ಬಳಸುವ ಆವರ್ತನದ ಪಟ್ಟಿಗಳಿಗೆ ಬ್ಯಾಂಡ್ ಅನ್ನುತ್ತಾರೆ. ಅದರಲ್ಲಿ ಕೆ ಬ್ಯಾಂಡ್ ರೇಡಾರ್ 24.15 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ನೀವು ಗಂಟೆಗೆ 100 ಕಿ.ಮೀ. ವೇಗದಲ್ಲಿ ಎದುರಿಗೆ ಬಂದರೆ ವಾಪಸ್ ಬರುವ ಅಲೆಯಲ್ಲಿ ಸುಮಾರು 4,470 ಹರ್ಟ್ಸ್ ವ್ಯತ್ಯಾಸ. ಯಂತ್ರ ಅಳೆಯುವುದು ಇದನ್ನೇ. ಲೆಕ್ಕದಲ್ಲಿ ತಪ್ಪೇನೂ ಇಲ್ಲ.

ತೊಂದರೆ ಇರುವುದು ಅಲೆಯ ಅಗಲದಲ್ಲಿ. ಅದು ಟಾರ್ಚ್ ಬೆಳಕಿನ ಹಾಗೆ ಹರಡುತ್ತದೆ. 12 ಡಿಗ್ರಿ ಹರಡಿದರೆ 100 ಮೀಟರ್ ದೂರದಲ್ಲಿ ಸುಮಾರು 21 ಮೀಟರ್ ಅಗಲ. ಅಷ್ಟರಲ್ಲಿ ಎಷ್ಟು ಲೇನು ಹಿಡಿಸುತ್ತವೆ ನೋಡಿ. ಪಕ್ಕದಲ್ಲಿ ಅಥವಾ ಹಿಂದೆ ದೊಡ್ಡ ಲಾರಿ ಇದ್ದರೆ ಅದರಿಂದ ವಾಪಸ್ ಬರುವ ಅಲೆಯೇ ಜೋರಾಗಿರಬಹುದು. ಹಾಗಾಗಿ ಕೇಳಬೇಕಾದ ಪ್ರಶ್ನೆ "ಯಂತ್ರ ಸರಿ ಇತ್ತಾ" ಅನ್ನುವುದೊಂದೇ ಅಲ್ಲ. "ಆ ವೇಗ ಯಾವ ಗಾಡಿಯದು ಅಂತ ಹೇಗೆ ಗೊತ್ತಾಯಿತು" ಅನ್ನುವುದು. 1979ರಲ್ಲಿ ಅಮೆರಿಕದ ಮಯಾಮಿಯಲ್ಲಿ ಒಂದು ಟಿವಿ ವರದಿ ಬಂತು. ಪೊಲೀಸ್ ರೇಡಾರ್ ಒಂದು ತಾಳೆ ಮರ ಗಂಟೆಗೆ 86 ಮೈಲಿ ವೇಗದಲ್ಲಿ ಹೋಗುತ್ತಿದೆ ಎಂದೂ ಒಂದು ಮನೆ 28 ಮೈಲಿ ವೇಗದಲ್ಲಿದೆ ಎಂದೂ ತೋರಿಸಿತ್ತು. ಆ ವರ್ಷ ಅಲ್ಲಿನ ನ್ಯಾಯಾಧೀಶರು 80 ರೇಡಾರ್ ಪ್ರಕರಣಗಳನ್ನು ಒಟ್ಟಿಗೇ ತಳ್ಳಿಹಾಕಿದರು. ಆಮೇಲೆ ಯಂತ್ರಗಳು ಬಹಳ ಸುಧಾರಿಸಿವೆ. ಆದರೂ ಗುರಿ ಹಿಡಿಯುವುದು ಮನುಷ್ಯನ ಕೈಯೇ.

ಕೋನದ ವಾದವನ್ನು ಮಾತ್ರ ಹಿಡಿದುಕೊಂಡು ಹೋಗಬೇಡಿ. ನಿಂತಲ್ಲಿಂದ ಓರೆಯಾಗಿ ಅಳೆದರೆ ವೇಗ ಕಡಿಮೆಯೇ ಕಾಣುತ್ತದೆ. 10 ಡಿಗ್ರಿ ಓರೆಯಾದರೆ 100 ಇರುವುದು 98.5 ಆಗುತ್ತದೆ, 20 ಡಿಗ್ರಿಗೆ 94. ಅಂದರೆ ಲಾಭ ನಿಮಗೇ. ಪೊಲೀಸ್ ಗಾಡಿಯೂ ಓಡುತ್ತಿದ್ದಾಗ ಅಳೆದಿದ್ದರೆ ಕಥೆ ಬೇರೆ. ಆಗ ಯಂತ್ರ ತನ್ನ ಗಾಡಿಯ ವೇಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದನ್ನು ಕಡಿಮೆ ಅಂದುಕೊಂಡರೆ ಎದುರಿಂದ ಬರುವ ನಿಮ್ಮ ವೇಗ ಜಾಸ್ತಿ ಕಾಣಬಹುದು.

ಲೇಸರ್ ಬೇರೆ ಜಾತಿ. 904 ನ್ಯಾನೊಮೀಟರ್ ಆಸುಪಾಸಿನ, ಕಣ್ಣಿಗೆ ಕಾಣದ ಬೆಳಕಿನ ಮಿಡಿತಗಳನ್ನು ಬಿಟ್ಟು, ಅವು ವಾಪಸ್ ಬರಲು ಹಿಡಿದ ಸಮಯದಿಂದ ದೂರ ಲೆಕ್ಕ ಹಾಕುತ್ತದೆ. ದೂರ ಎಷ್ಟು ಬೇಗ ಬದಲಾಯಿತೋ ಅದೇ ವೇಗ. 300 ಮೀಟರ್ ದೂರದಲ್ಲೂ ಕಿರಣದ ಅಗಲ ಸುಮಾರು ಒಂದು ಮೀಟರ್ ಮಾತ್ರ. ಪಕ್ಕದ ಗಾಡಿಯ ವೇಗ ನಿಮಗೆ ಅಂಟಿಕೊಳ್ಳುವುದು ಕಡಿಮೆ. ಎಷ್ಟು ದೂರದಿಂದ ಅಳೆದರು, ಕೈ ಸ್ಥಿರವಾಗಿತ್ತಾ, ಮಳೆ ಅಥವಾ ಮಂಜು ಇತ್ತಾ ಅಂತ ಕೇಳಬಹುದು. ಅದಕ್ಕಿಂತ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ.

ಇನ್ನೊಂದು, ಎರಡು ಕ್ಯಾಮೆರಾಗಳ ನಡುವಿನ ಸರಾಸರಿ ವೇಗ. 6 ಕಿ.ಮೀ. ದೂರವನ್ನು 3 ನಿಮಿಷದಲ್ಲಿ ದಾಟಿದರೆ 120. ಕ್ಯಾಮೆರಾ ಕಂಡಾಗ ಬ್ರೇಕ್ ಒತ್ತಿ ಆಮೇಲೆ ಮತ್ತೆ ಎಳೆದರೆ ಏನೂ ಪ್ರಯೋಜನವಿಲ್ಲ. ಹಿಂಬಾಲಿಸಿ ಅಳೆದಿದ್ದರೆ ಪೊಲೀಸ್ ಗಾಡಿಯ ಸ್ಪೀಡೋಮೀಟರನ್ನು ಯಾವಾಗ ಪರೀಕ್ಷಿಸಿದ್ದರು ಅಂತ ಕೇಳಿ.

4. ಕಟ್ಟುವುದಾ, ಪ್ರಶ್ನಿಸುವುದಾ

ನಿಮ್ಮ ಟಿಪ್ಪಣಿ, ಫೋಟೊ, ಚೀಟಿ ಮೂರೂ ಒಂದೇ ಮಾತು ಹೇಳುತ್ತಿದ್ದರೆ, ಅಂದರೆ ನೀವು ಜೋರಾಗಿದ್ದಿರಿ ಅಂತ, ಸುಮ್ನೆ ಕಟ್ಟಿಬಿಡಿ. ಬೇಗ ಕಟ್ಟಿದರೆ ಕೆಲವು ಕಡೆ ಕಡಿಮೆಯಾಗುತ್ತದೆ. ಬ್ರಿಟನ್ನಿನಂಥ ಕಡೆ ಸಣ್ಣ ತಪ್ಪಿಗೆ ದಂಡ, ಪಾಯಿಂಟ್ (ಲೈಸೆನ್ಸಿನ ಮೇಲೆ ಬೀಳುವ ತಪ್ಪಿನ ಅಂಕ) ಬದಲು ತರಗತಿಗೆ ಕೂರುವ ಅವಕಾಶವನ್ನೂ ಕೊಡುತ್ತಾರೆ. ಕೊಟ್ಟರೆ ಬಿಡಬೇಡಿ. ಒಂದು ಎಚ್ಚರ: ಬಹಳ ಕಡೆ ದಂಡ ಕಟ್ಟುವುದೇ ತಪ್ಪೊಪ್ಪಿಗೆ. ಲೈಸೆನ್ಸಿಗೆ ಪಾಯಿಂಟ್ ಬೀಳಬಹುದು, ಇನ್ಶೂರೆನ್ಸ್ ಕಂತು ಏರಬಹುದು. ತಲೆನೋವು ಬೇಡ ಅಂತ ಕಟ್ಟಿದ್ದು ಆಮೇಲೆ ದುಬಾರಿಯಾದೀತು.

ಪ್ರಶ್ನಿಸುವುದಾದರೆ ಯಂತ್ರದ ಪರೀಕ್ಷೆಯ ದಾಖಲೆ, ಅದನ್ನು ಬಳಸಿದವರ ತರಬೇತಿಯ ದಾಖಲೆ, ಅಧಿಕಾರಿಯ ಟಿಪ್ಪಣಿ, ಫೋಟೊ ಇವನ್ನೆಲ್ಲ ಬರಹದಲ್ಲಿ, ಗಡುವಿನ ಒಳಗೆ ಕೇಳಿ. ರೇಡಾರ್ ಗನ್ನನ್ನು ಶ್ರುತಿಕವೆಯಿಂದ (ಟ್ಯೂನಿಂಗ್ ಫೋರ್ಕ್) ಪರೀಕ್ಷಿಸುವ ಪದ್ಧತಿ ಇದೆ. ಕವೆಯನ್ನು ಬಡಿದು ಗನ್ನಿನ ಮುಂದೆ ಹಿಡಿದರೆ ಅದರ ಮೇಲೆ ಕೆತ್ತಿರುವ ವೇಗವೇ ಪರದೆಯಲ್ಲಿ ಬರಬೇಕು. ಅದನ್ನು ಯಾವಾಗ ಮಾಡಿದರು ಅನ್ನುವುದು ಒಳ್ಳೆಯ ಪ್ರಶ್ನೆ.

ವಿಚಾರಣೆಯಲ್ಲಿ ಚುಟುಕಾಗಿ ಮಾತಾಡಿ. "ಎಲ್ಲರೂ ಹಾಗೇ ಹೋಗ್ತಿದ್ರು" ಅನ್ನಲೇಬೇಡಿ, ನೀವೂ ಹಾಗೇ ಹೋಗುತ್ತಿದ್ದಿರಿ ಅಂತ ಒಪ್ಪಿಕೊಂಡಂತೆ. ಇಂಟರ್ನೆಟ್ಟಿನಲ್ಲಿ ಸಿಗುವ ಸಿದ್ಧ ಅರ್ಜಿಗಳನ್ನೂ ನಕಲು ಮಾಡಬೇಡಿ. ಬೇರೆ ಊರಿನ ಕಾನೂನಿನ ಕಲಂ ಬರೆದುಕೊಂಡು ಹೋಗಿ ಪೆಚ್ಚಾದವರು ಇದ್ದಾರೆ.

5. ರೇಡಾರ್ ಡಿಟೆಕ್ಟರ್: ಮೊದಲು ಕಾನೂನು

ಒಂದು ಸಲ ದಂಡ ಕಟ್ಟಿದವರು ನೇರ ಡಿಟೆಕ್ಟರ್ ಅಂಗಡಿಗೆ ಓಡುತ್ತಾರೆ. ಡಿಟೆಕ್ಟರ್ ಅಂದರೆ ಪೊಲೀಸರ ರೇಡಾರ್ ಅಲೆ ಸಿಕ್ಕ ಕೂಡಲೇ ಕೂಗಿ ಎಚ್ಚರಿಸುವ ಯಂತ್ರ. ನಿಲ್ಲಿ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಖಾಸಗಿ ಕಾರಿನಲ್ಲಿ ಇಟ್ಟುಕೊಳ್ಳಬಹುದು. ಆದರೆ ವರ್ಜೀನಿಯಾ ಮತ್ತು ವಾಷಿಂಗ್ಟನ್ ಡಿ.ಸಿ.ಯಲ್ಲಿ ಇಲ್ಲ, ದೊಡ್ಡ ವಾಣಿಜ್ಯ ಲಾರಿಗಳಲ್ಲಿ ಎಲ್ಲಿಯೂ ಇಲ್ಲ. ಕೆನಡಾದ ಬಹುತೇಕ ಪ್ರಾಂತ್ಯಗಳಲ್ಲಿ, ಫ್ರಾನ್ಸ್, ಸ್ವಿಟ್ಜರ್‌ಲೆಂಡಿನಲ್ಲಿ ನಿಷೇಧ. ಜರ್ಮನಿಯಲ್ಲಿ ಓಡಿಸುವಾಗ ಬಳಸುವಂತಿಲ್ಲ. ಬ್ರಿಟನ್ನಿನಲ್ಲಿ ಬಳಸಬಹುದು. ಕೆಲವು ಕಡೆ ಆಫ್ ಮಾಡಿ ಡಿಕ್ಕಿಯಲ್ಲಿ ಇಟ್ಟುಕೊಂಡರೂ ತಪ್ಪೇ, ಆದ್ದರಿಂದ ಗಡಿ ದಾಟುವ ಮೊದಲು ನೋಡಿಕೊಳ್ಳಿ. ಬಚ್ಚಿಟ್ಟರಾಯಿತು ಅಂದುಕೊಳ್ಳಬೇಡಿ. ಡಿಟೆಕ್ಟರ್ ಕೂಡ ಒಂದಿಷ್ಟು ಅಲೆ ಸೋರಿಸುತ್ತದೆ, ಅದನ್ನು ಹಿಡಿಯುವ ಯಂತ್ರ ಪೊಲೀಸರ ಬಳಿ ಇರುತ್ತದೆ.

ಜಾಮರ್ ಮಾತ್ರ ಮುಟ್ಟಲೇಬೇಡಿ. ಡಿಟೆಕ್ಟರ್ ಕೇಳಿಸಿಕೊಳ್ಳುತ್ತದೆ ಅಷ್ಟೆ. ಜಾಮರ್ ಪೊಲೀಸರ ಯಂತ್ರವನ್ನೇ ಕೆಡಿಸುತ್ತದೆ. ಅಮೆರಿಕದಲ್ಲೂ ರೇಡಾರ್ ಜಾಮರ್ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಇನ್ನು ನಂಬರ್ ಪ್ಲೇಟಿಗೆ ಹೊಡೆಯುವ ಸ್ಪ್ರೇ, ಕನ್ನಡಿಗೆ ನೇತುಹಾಕುವ ಸಿ.ಡಿ. ಎರಡೂ ದುಡ್ಡಿಗೆ ದಂಡ, ಕೆಲಸಕ್ಕೆ ಬರುವುದಿಲ್ಲ.

6. ಕೂರಿಸುವುದು, ಕಿವಿ ಪಳಗಿಸುವುದು

ಡಿಟೆಕ್ಟರನ್ನು ಡ್ಯಾಶ್‌ಬೋರ್ಡಿನ ಮೇಲೆ ಬಿಸಾಕಿದಂತೆ ಇಡಬೇಡಿ. ಬ್ರೇಕ್ ಹಾಕಿದಾಗ ಹಾರಿ ಬರುತ್ತದೆ. ಮುಂದಿನ ಗಾಜಿನ ಮೇಲ್ಭಾಗದಲ್ಲಿ, ಒಳಕನ್ನಡಿಯ ಹತ್ತಿರ, ರಸ್ತೆಗೆ ಮಟ್ಟವಾಗಿ ಕೂರಿಸಿ. ನಿಮ್ಮ ನೋಟಕ್ಕೆ ಅಡ್ಡ ಬರಬಾರದು, ವೈಪರ್ ಕೂಡ ಅಡ್ಡ ಬರಬಾರದು. ಕೆಲವು ಕಾರಿನ ಗಾಜಿನಲ್ಲಿ ಬಿಸಿಲು ತಡೆಯಲು ಲೋಹದ ತೆಳು ಪದರ ಇರುತ್ತದೆ, ಅದು ರೇಡಾರ್ ಅಲೆಯನ್ನೂ ತಡೆಯುತ್ತದೆ. ಅಂಥ ಗಾಜಿನಲ್ಲಿ ಸಾಮಾನ್ಯವಾಗಿ ಕನ್ನಡಿಯ ಸುತ್ತ ಪದರವಿಲ್ಲದ ಜಾಗ ಬಿಟ್ಟಿರುತ್ತಾರೆ, ಅಲ್ಲಿ ಕೂರಿಸಿ.

ಆಮೇಲೆ ಶುರುವಾಗುತ್ತದೆ ಕೀರಲು. ಅಂಗಡಿಗಳ ತಾನಾಗಿ ತೆರೆಯುವ ಬಾಗಿಲು ಕೆ ಬ್ಯಾಂಡಿನಲ್ಲೇ ಅಲೆ ಬಿಟ್ಟು ಡಿಟೆಕ್ಟರನ್ನು ಕೂಗಿಸುತ್ತದೆ. ಪಕ್ಕದ ಕಾರಿನ ಬ್ಲೈಂಡ್ ಸ್ಪಾಟ್ ಸೆನ್ಸರ್ ಕೂಡ 24 ಗಿಗಾಹರ್ಟ್ಸ್‌ನದಾಗಿದ್ದರೆ ಕೂಗಿಸುತ್ತದೆ. ನನ್ನ ಗೆಳೆಯನೊಬ್ಬ ಎರಡೇ ದಿನಕ್ಕೆ ಸಿಟ್ಟಾಗಿ ಶಬ್ದವನ್ನೇ ಬಂದ್ ಮಾಡಿದ. ಮೂರನೇ ವಾರ ಸಿಕ್ಕಿಬಿದ್ದ. ಶಬ್ದ ನಿಲ್ಲಿಸಬೇಡಿ, ಪಳಗಿಸಿ. ಜಿಪಿಎಸ್ ಇರುವ ಡಿಟೆಕ್ಟರ್ ತಗೊಂಡರೆ ದಿನಾ ಒಂದೇ ಜಾಗದಲ್ಲಿ ಬರುವ ಸುಳ್ಳು ಕೂಗನ್ನು ನೆನಪಿಟ್ಟು ಸುಮ್ಮನಿರುತ್ತದೆ. ಪೊಲೀಸ್ ರೇಡಾರಿನ ಇನ್ನೊಂದು ಬ್ಯಾಂಡ್ ಕೆಎ, ಅಂದರೆ 33.4ರಿಂದ 36 ಗಿಗಾಹರ್ಟ್ಸ್. ಅಲ್ಲಿ ಕೂಗಿದರೆ ಮೊದಲು ವೇಗ ನೋಡಿ, ಏಕೆಂದರೆ ಆ ಬ್ಯಾಂಡಿನಲ್ಲಿ ಸುಳ್ಳು ಕೂಗು ಕಡಿಮೆ. ಜೋರಾಗಿ ಬ್ರೇಕ್ ಒತ್ತಬೇಡಿ. ಹಿಂದಿನವರು ಬಂದು ಗುದ್ದುತ್ತಾರೆ.

ಡಿಟೆಕ್ಟರಿನ ಮಿತಿಯನ್ನು ಯಾವ ಜಾಹೀರಾತೂ ಬಿಡಿಸಿ ಹೇಳುವುದಿಲ್ಲ. ಪೊಲೀಸರು ರೇಡಾರನ್ನು ಸುಮ್ಮನಿಟ್ಟು, ನೀವು ಹತ್ತಿರ ಬಂದಾಗ ಗುಂಡಿ ಒತ್ತಿದರೆ, ಕೂಗುವಷ್ಟರಲ್ಲಿ ವೇಗ ಅಳೆದು ಆಗಿರುತ್ತದೆ. ಲೇಸರಿಗೆ ಅರ್ಧ ಸೆಕೆಂಡೂ ಬೇಡ. ಅದರ ಕೂಗು ಅಂದರೆ ಬಹುತೇಕ ಚೀಟಿ ಬರೆಯಲು ಶುರು ಮಾಡಿದ್ದಾರೆ ಅಂತ. ಸರಾಸರಿ ವೇಗದ ಕ್ಯಾಮೆರಾ ನಂಬರ್ ಪ್ಲೇಟನ್ನು ಮಾತ್ರ ಓದುತ್ತದೆ, ರೇಡಾರ್ ಅಲೆ ಬಿಡುವುದೇ ಇಲ್ಲ. ಡಿಟೆಕ್ಟರ್ ನಂಬಿ ವೇಗ ಹೆಚ್ಚಿಸುವುದು ಅದಕ್ಕೇ ಅಪಾಯ. ಮರೆವಿನಲ್ಲಿ ಮುಳ್ಳು ಏರಿದಾಗ ನೆನಪಿಸುವ ಗಂಟೆ ಅಂತ ಇಟ್ಟುಕೊಳ್ಳಿ. ಹೇಗೂ 20 ಕಿ.ಮೀ. ದೂರವನ್ನು 80ರ ಬದಲು 100ರಲ್ಲಿ ಹೋದರೆ ಉಳಿಯುವುದು ಮೂರು ನಿಮಿಷ.

7. ನಿಮ್ಮ ಮೀಟರನ್ನೇ ಪರೀಕ್ಷಿಸಿ

ಇದನ್ನು ಯಾರೂ ಮಾಡುವುದಿಲ್ಲ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಸ್ವಲ್ಪ ಜಾಸ್ತಿ ತೋರಿಸಬಹುದು, ಹೆಚ್ಚೆಂದರೆ ನಿಜವಾದ ವೇಗದ ಹತ್ತನೇ ಒಂದು ಭಾಗ, ಅದರ ಮೇಲೆ 4 ಕಿ.ಮೀ. ಈ ಖಾತರಿ ಕಂಪನಿ ಹಾಕಿಕೊಟ್ಟ ಅಳತೆಯ ಟೈರಿಗೆ ಮಾತ್ರ. ಅಂದಕ್ಕೆ ಅಂತ ದೊಡ್ಡ ಟೈರ್ ಹಾಕಿಸಿಕೊಂಡರೆ ಮುಳ್ಳು 80 ತೋರಿಸುವಾಗ ನೀವು 85ರಲ್ಲಿರಬಹುದು. ಗಾಡಿ ಕಡಿಮೆ ಇರುವ ನೇರ, ಸಮತಟ್ಟಾದ ರಸ್ತೆಯಲ್ಲಿ ವೇಗಮಿತಿಯ ಒಳಗೇ ಒಂದೇ ವೇಗ ಹಿಡಿದು ಹೋಗಿ. ಪಕ್ಕದಲ್ಲಿ ಕೂತವರು ಫೋನಿನ ಜಿಪಿಎಸ್ ವೇಗ ಓದಿ ಹೇಳಲಿ, ನೀವು ರಸ್ತೆ ನೋಡಿ. 40, 60, 80ರಲ್ಲಿ ಹೀಗೆ ಮಾಡಿ, ಬಂದ ವ್ಯತ್ಯಾಸವನ್ನು ಒಂದು ಚೀಟಿಯಲ್ಲಿ ಬರೆದು ಮೀಟರಿನ ಪಕ್ಕ ಅಂಟಿಸಿ.