ನರ್ಸಿಂಗ್ ಪಾಸಾಯಿತು, ಇನ್ನು ನರ್ಸ್ ಆಗುವುದು ಹೇಗೆ?

ಫಲಿತಾಂಶ ಬಂತು, ಕುಂದಾ ಹಂಚಿಯೂ ಆಯಿತು. ಮರುದಿನದಿಂದ ಶುರುವಾಗುವ ಪ್ರಶ್ನೆ ಒಂದೇ: ‘ಲೈಸೆನ್ಸ್ ಪರೀಕ್ಷೆ ಯಾವಾಗ?’ ಅಂಥ ಪ್ರತ್ಯೇಕ ಪರೀಕ್ಷೆಯೇ ನಮ್ಮಲ್ಲಿ ಇಲ್ಲ. ಅಮೆರಿಕಕ್ಕೆ ಹೋಗುವವರು ಬರೆಯುವ ಎನ್‌ಕ್ಲೆಕ್ಸ್ ಬಗ್ಗೆ ಯೂಟ್ಯೂಬಿನಲ್ಲಿ ನೋಡಿ, ಇಲ್ಲಿಯೂ ಹಾಗೇ ಇರಬಹುದು ಅಂದುಕೊಳ್ಳುವವರು ಬಹಳ. ನಮ್ಮಲ್ಲಿ ಜಿಎನ್‌ಎಂ ಡಿಪ್ಲೊಮಾ ಅಥವಾ ಬಿ.ಎಸ್ಸಿ. ನರ್ಸಿಂಗ್‌ನ ಕೊನೆಯ ಪರೀಕ್ಷೆ ಪಾಸಾಗಿ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಆ ನೋಂದಣಿ ಸಂಖ್ಯೆಯೇ ಲೈಸೆನ್ಸ್. ಅದು ಕೈಗೆ ಬರುವ ತನಕ ನೀವು ಪದವೀಧರರು, ನರ್ಸ್ ಅಲ್ಲ.

ಇನ್ನೂ ಕೊನೆಯ ವರ್ಷದಲ್ಲಿರುವವರಿಗೆ ಒಂದು ಮಾತು. ಥಿಯರಿಯಲ್ಲೂ ಪ್ರಾಕ್ಟಿಕಲ್‌ನಲ್ಲೂ ಬೇರೆ ಬೇರೆಯಾಗಿ ಶೇ 50 ಬೇಕು. ಒಂದರಲ್ಲಿ ಜಾಸ್ತಿ ತೆಗೆದು ಇನ್ನೊಂದರ ಕೊರತೆ ತುಂಬಲು ಆಗುವುದಿಲ್ಲ. ಥಿಯರಿಗೆ ರಾತ್ರಿಯೆಲ್ಲ ಓದಿ, ಪ್ರಾಕ್ಟಿಕಲ್ ದಿನ ಕೈ ನಡುಗಿ ಕೂತವರು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ.

ಮೊದಲ ಕೆಲಸ: ಕಾಗದಪತ್ರ ಸರಿ ಮಾಡಿಕೊಳ್ಳಿ

ನೋಂದಣಿಗೆ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ನರ್ಸಿಂಗ್‌ನ ಎಲ್ಲ ಅಂಕಪಟ್ಟಿ, ಕೋರ್ಸ್ ಮುಗಿಸಿದ ಪ್ರಮಾಣಪತ್ರ, ಪದವಿ ಅಥವಾ ಡಿಪ್ಲೊಮಾ ಪ್ರಮಾಣಪತ್ರ, ಆಧಾರ್, ಫೋಟೊ ಬೇಕಾಗುತ್ತವೆ. ನಿಮ್ಮ ಪ್ರಮಾಣಪತ್ರ ಕೊಡುವವರು ಯಾರು ಎಂಬುದು ಗೊತ್ತಿರಲಿ. ಜಿಎನ್‌ಎಂ ಆದರೆ ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ. ಬಿ.ಎಸ್ಸಿ. ಆದರೆ ಹೆಚ್ಚಿನ ಕಾಲೇಜುಗಳಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಬೆಳಗಾವಿಯ ಕೆಎಲ್‌ಇಯಂಥ ಡೀಮ್ಡ್ ವಿಶ್ವವಿದ್ಯಾಲಯಗಳು ತಮ್ಮ ಪದವಿ ತಾವೇ ಕೊಡುತ್ತವೆ.

ಅರ್ಜಿ ಸಿಕ್ಕಿಬೀಳುವುದು ಹೆಚ್ಚಾಗಿ ಹೆಸರಿನಲ್ಲಿ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಹೆಸರು, ಮುಂದೊಂದು ಇನಿಷಿಯಲ್. ಆಧಾರ್‌ನಲ್ಲಿ ಅಡ್ಡಹೆಸರು, ಅಪ್ಪನ ಹೆಸರು ಎಲ್ಲಾ ಸೇರಿ ಉದ್ದಕ್ಕೆ. ಮದುವೆಯಾಗಿದ್ದರೆ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮತ್ತೊಂದು ಅಡ್ಡಹೆಸರು. ಎಸ್ಸೆಸ್ಸೆಲ್ಸಿಯಲ್ಲಿ ಇರುವ ಹೆಸರನ್ನೇ ಹಿಡಿದು ಆಧಾರ್ ತಿದ್ದಿಸಿ. ಹತ್ತನೇ ತರಗತಿಯ ಅಂಕಪಟ್ಟಿ ತಿದ್ದಿಸುವುದಕ್ಕಿಂತ ಅದು ಸುಲಭ. ಪಾಸ್‌ಪೋರ್ಟ್ ಮಾಡಿಸುವ ವಿಚಾರ ಇದ್ದರೆ ಅದಕ್ಕೂ ಇದೇ ಹೆಸರು ಇರಲಿ.

ನೋಂದಣಿಯಾದರೆ ನೀವು ಆರ್‌ಎನ್ ಮತ್ತು ಆರ್‌ಎಂ, ಅಂದರೆ ನೋಂದಾಯಿತ ನರ್ಸ್ ಮತ್ತು ನೋಂದಾಯಿತ ಸೂಲಗಿತ್ತಿ. ಗಂಡುಮಕ್ಕಳಿಗೂ ಅಷ್ಟೇ. ಇದರ ಜೊತೆಗೆ ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಎನ್‌ಆರ್‌ಟಿಎಸ್ ಎಂಬ ನರ್ಸ್ ನೋಂದಣಿ ವ್ಯವಸ್ಥೆಯಲ್ಲಿ ದೇಶಕ್ಕೆಲ್ಲ ಒಂದೇ ಆದ ಗುರುತಿನ ಸಂಖ್ಯೆಯೂ ಸಿಗುತ್ತದೆ. ಅದನ್ನು ಮರೆಯದೆ ಮಾಡಿಸಿಕೊಳ್ಳಿ.

ಗಡಿಯ ಊರುಗಳಿಗೆ ಇನ್ನೊಂದು ಲೆಕ್ಕ ಇದೆ. ಅಥಣಿಯವರಿಗೆ ಮೀರಜ್ ಹತ್ತಿರ, ಇಂಡಿಯವರಿಗೆ ಸೊಲ್ಲಾಪುರ ಹತ್ತಿರ. ಅಲ್ಲಿ ಕೆಲಸ ಸಿಕ್ಕರೆ ಕರ್ನಾಟಕದ ನೋಂದಣಿ ಸಾಕಾಗುವುದಿಲ್ಲ. ಇಲ್ಲಿನ ಕೌನ್ಸಿಲ್‌ನಿಂದ ನಿರಾಕ್ಷೇಪಣಾ ಪತ್ರ ತಗೊಂಡು ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಬೇಕು. ‘ಬರ್ರಿ, ಆಮ್ಯಾಲ ನೋಡೋಣು’ ಎನ್ನುವ ಆಸ್ಪತ್ರೆಯವರ ಮಾತು ನಂಬಿ ವರ್ಷಗಟ್ಟಲೆ ದುಡಿಯಬೇಡಿ.

ಮೊದಲ ನೌಕರಿ: ಸಂಬಳಕ್ಕಿಂತ ಹಾಸಿಗೆ ಎಣಿಸಿ

ಮನೆ ಹತ್ತಿರದ ಹತ್ತು ಹಾಸಿಗೆಯ ನರ್ಸಿಂಗ್ ಹೋಮ್ ಒಂದೆರಡು ಸಾವಿರ ಜಾಸ್ತಿ ಕೊಡಬಹುದು. ನನ್ನನ್ನು ಕೇಳಿದರೆ, ಮೊದಲ ಎರಡು ವರ್ಷ ದೊಡ್ಡ ಆಸ್ಪತ್ರೆಯಲ್ಲೇ ಇರಿ. ಬೆಳಗಾವಿಯ ಬಿಮ್ಸ್ ಅಥವಾ ಕೆಎಲ್‌ಇ, ಬಾಗಲಕೋಟೆ ನವನಗರದ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದ ಬಿಎಲ್‌ಡಿಇ ಅಥವಾ ಜಿಲ್ಲಾ ಆಸ್ಪತ್ರೆ, ಇಂಥ ಕಡೆ. ಅಲ್ಲಿ ಒಂದು ವಾರದಲ್ಲಿ ಕಾಣುವ ಕೇಸುಗಳು ಸಣ್ಣ ಕಡೆ ವರ್ಷವಾದರೂ ಕಾಣುವುದಿಲ್ಲ. ಇನ್ನೊಂದು ಕಾರಣವೂ ಇದೆ. ಏಮ್ಸ್ ನೌಕರಿಗೆ ಜಿಎನ್‌ಎಂ ಮಾಡಿದವರು ಅರ್ಜಿ ಹಾಕಬೇಕಾದರೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಕೇಳುತ್ತಾರೆ. ಹತ್ತು ಹಾಸಿಗೆಯ ಕಡೆ ಐದು ವರ್ಷ ಬೆವರು ಸುರಿಸಿದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಬಿಡುವಾಗ ತಗೊಳ್ಳುವ ಅನುಭವ ಪತ್ರದಲ್ಲಿ ಹಾಸಿಗೆ ಸಂಖ್ಯೆ, ಸೇರಿದ ಮತ್ತು ಬಿಟ್ಟ ತಾರೀಖು, ಯಾವ ವಾರ್ಡು ಎಲ್ಲಾ ಬರೆಸಿಕೊಳ್ಳಿ.

ಸಂಬಳದ ಮಾತು ಆಡಲು ನಾಚಿಕೆ ಬೇಡ. ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ಸರ್ಕಾರ ನೇಮಿಸಿದ್ದ ಸಮಿತಿ 2016ರಲ್ಲಿ ಹೇಳಿದ್ದು ಇದು: 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು. 200ಕ್ಕಿಂತ ಜಾಸ್ತಿ ಹಾಸಿಗೆ ಇದ್ದರೆ ಸರ್ಕಾರಿ ನರ್ಸ್‌ಗೆ ಸಮನಾಗಿ ಕೊಡಬೇಕು. ಅದು ಶಿಫಾರಸು ಅಷ್ಟೇ, ಎಲ್ಲ ಕಡೆ ಪಾಲನೆ ಆಗಿಲ್ಲ. ಆದರೂ ಸಂದರ್ಶನದಲ್ಲಿ ಆ ಅಂಕಿ ನಿಮ್ಮ ತಲೆಯಲ್ಲಿರಲಿ. ಪಿಎಫ್ ಇದೆಯಾ, ಸಂಬಳ ಬ್ಯಾಂಕಿಗೆ ಬರುತ್ತದಾ, ರಾತ್ರಿಪಾಳಿ ತಿಂಗಳಿಗೆ ಎಷ್ಟು, ಕೇಳಿಯೇ ಸೇರಿ. ಮೂಲ ಪ್ರಮಾಣಪತ್ರ ಮಾತ್ರ ಯಾರ ಕಪಾಟಿನಲ್ಲೂ ಇಡಬೇಡಿ. ತೋರಿಸಿ, ಝೆರಾಕ್ಸ್ ಕೊಟ್ಟು, ವಾಪಸ್ ತಗೊಂಡು ಬನ್ನಿ.

ವಾರ್ಡಿನೊಳಗೆ ಮೊದಲ ತಿಂಗಳುಗಳು

ಜೇಬಿನಲ್ಲಿ ಸಣ್ಣ ನೋಟ್‌ಬುಕ್, ಕೈಯಲ್ಲಿ ಸೆಕೆಂಡ್ ಮುಳ್ಳಿನ ವಾಚು. ಮೊಬೈಲ್ ನೋಡಿ ನಾಡಿ ಎಣಿಸಿದರೆ ರೋಗಿಯ ಮನೆಯವರಿಗೆ ನೀವು ವಾಟ್ಸ್‌ಆ್ಯಪ್ ನೋಡುತ್ತಿದ್ದೀರಿ ಅಂತಲೇ ಕಾಣುವುದು.

ಸಲೈನ್ ಹನಿ ಲೆಕ್ಕ ಬಾಯಿಗೆ ಬರಬೇಕು. ಎಂಎಲ್ ಅನ್ನು ಸೆಟ್ಟಿನ ಹನಿಯಿಂದ ಗುಣಿಸಿ, ನಿಮಿಷದಿಂದ ಭಾಗಿಸಿ. 500 ಎಂಎಲ್, 4 ತಾಸು, ಒಂದು ಎಂಎಲ್‌ಗೆ 20 ಹನಿ ಬೀಳುವ ಸೆಟ್ಟು: 500×20 ಭಾಗಿಸು 240, ನಿಮಿಷಕ್ಕೆ ಸುಮಾರು 42 ಹನಿ. ಮೈಕ್ರೊ ಸೆಟ್ ಆದರೆ ಎಂಎಲ್‌ಗೆ 60 ಹನಿ. ಸೆಟ್ಟಿನ ಕವರ್ ಮೇಲೆ ಬರೆದಿರುತ್ತದೆ, ಓದಿಯೇ ಹಚ್ಚಿ. ಹಚ್ಚಿದ ಮೇಲೂ ಹೋಗಿ ನೋಡುತ್ತಿರಿ. ‘ಅಕ್ಕಾರ, ಸಲೈನ್ ಮುಗೀತ್ರಿ’ ಅಂತ ಮನೆಯವರು ಓಡಿ ಬರುವ ಮೊದಲೇ ನಿಮಗೆ ಗೊತ್ತಿರಬೇಕು.

ಇನ್ಸುಲಿನ್ ವಿಷಯದಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಸೀಸೆಯಲ್ಲಿ ಎಂಎಲ್‌ಗೆ 40 ಯೂನಿಟ್. ಅದರ ಸಿರಿಂಜಿಗೆ ಕೆಂಪು ಮುಚ್ಚಳ. 100 ಯೂನಿಟ್‌ನ ಇನ್ಸುಲಿನ್ ಬೇರೆ, ಅದರ ಸಿರಿಂಜಿಗೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನ್ ಅನ್ನು 40ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಸಕ್ಕರೆ ಇಳಿದು ರೋಗಿ ಪ್ರಜ್ಞೆ ತಪ್ಪಬಹುದು. ಸೂಜಿ ಮಾಡುವ ಮುಂಚೆ ‘ಊಟ ಆಗೇತೇನ್ರಿ ಅಜ್ಜಾರ?’ ಅಂತ ಕೇಳುವುದನ್ನೂ ಬಿಡಬೇಡಿ.

ಕಬ್ಬಿನ ಸೀಮೆಯಲ್ಲಿ ಕೆಲಸ ಮಾಡುವವರು ಹಾವಿನ ಕೇಸು ನೋಡೇ ನೋಡುತ್ತೀರಿ. ಜಮಖಂಡಿ, ಮುಧೋಳ, ಚಿಕ್ಕೋಡಿ ಕಡೆಯಿಂದ ರಾತ್ರಿ ಹೊತ್ತು ಟಂಟಂನಲ್ಲಿ ಹಾಕಿಕೊಂಡು ಬರುತ್ತಾರೆ. ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟಿರುತ್ತದೆ. ಅದನ್ನು ಗಡಿಬಿಡಿಯಲ್ಲಿ ಕತ್ತರಿಸಬೇಡಿ, ಡಾಕ್ಟರ್ ಎದುರಿಗೆ ಇದ್ದು ಔಷಧ ಕೈಯಳತೆಯಲ್ಲಿ ಇರುವಾಗ ಸಡಿಲಿಸಬೇಕು. ಕೊಳಕುಮಂಡಲ ಕಚ್ಚಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಅದಕ್ಕೆ 20 ನಿಮಿಷದ ಪರೀಕ್ಷೆ ಇದೆ, ಅದನ್ನು ಮಾಡುವವರು ಹೆಚ್ಚಾಗಿ ನರ್ಸ್‌ಗಳೇ. ಹೊಸದಾದ, ಒಣಗಿದ ಗಾಜಿನ ಟ್ಯೂಬಿನಲ್ಲಿ 2 ಎಂಎಲ್ ರಕ್ತ ಹಾಕಿ ಅಲುಗಾಡಿಸದೆ ಇಡಬೇಕು. 20 ನಿಮಿಷವಾದ ಮೇಲೆ ಒಮ್ಮೆ ಬಾಗಿಸಿ ನೋಡಬೇಕು. ಇನ್ನೂ ನೀರಾಗಿ ಹರಿದರೆ ವಿಷ ಏರಿದೆ. ಪ್ಲಾಸ್ಟಿಕ್ ಟ್ಯೂಬ್ ನಡೆಯುವುದಿಲ್ಲ. ಸೋಪಿನ ಪುಡಿಯಲ್ಲಿ ತೊಳೆದ ಗಾಜಿನ ಟ್ಯೂಬೂ ಬೇಡ, ವಿಷ ಇಲ್ಲದ ರಕ್ತವೂ ಅದರಲ್ಲಿ ಹೆಪ್ಪುಗಟ್ಟದೆ ಉಳಿಯಬಹುದು. ನಡುನಡುವೆ ಕುತೂಹಲಕ್ಕೆ ಎತ್ತಿ ನೋಡುವುದು ಬೇಡವೇ ಬೇಡ. ನಾಗರಹಾವು, ಕಟ್ಟುಹಾವು ಕಚ್ಚಿದ್ದರೆ ರಕ್ತ ಸರಿಯೇ ಇರುತ್ತದೆ. ಅಲ್ಲಿ ನೋಡಬೇಕಾದದ್ದು ರೆಪ್ಪೆ ಜೋಲುತ್ತಿದೆಯಾ, ಮಾತು ತೊದಲುತ್ತಿದೆಯಾ, ಉಸಿರು ಹೇಗಿದೆ ಎಂದು. ಪ್ರತಿವಿಷ ಶುರು ಮಾಡುವ ಮುಂಚೆಯೇ, ಅಲರ್ಜಿಯಾದರೆ ಕೊಡಲು ಅಡ್ರಿನಲಿನ್ ಟ್ರೇನಲ್ಲಿ ಸಿದ್ಧವಿರಬೇಕು. ಮೈ ತುರಿಕೆ, ಚಳಿ, ಬಿಪಿ ಇಳಿಯುವುದು ಏನೇ ಕಂಡರೂ ಡ್ರಿಪ್ ನಿಲ್ಲಿಸಿ ಡಾಕ್ಟರನ್ನು ಕೂಗಿ.

ನಿಮ್ಮ ಜೀವವೂ ಮುಖ್ಯ ಅಲ್ವಾ? ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಸಿರಿ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ, ಸೀದಾ ಬಿಳಿ ಡಬ್ಬಿಗೆ. ಸೂಜಿ ಚುಚ್ಚಿದರೆ ಬೆರಳು ಹಿಂಡಬೇಡಿ, ಬಾಯಿಗೆ ಇಡಬೇಡಿ, ಸೋಪು ನೀರಲ್ಲಿ ತೊಳೆದು ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿ. ಎಚ್‌ಐವಿ ತಡೆ ಔಷಧ ಬೇಕಾದರೆ ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, 72 ತಾಸು ದಾಟಬಾರದು. ಬೈಯುತ್ತಾರೆ ಅಂತ ಮುಚ್ಚಿಡುವವರೇ ಜಾಸ್ತಿ. ಬೈಸಿಕೊಂಡರೂ ಪರವಾಗಿಲ್ಲ, ಹೇಳಿ.

ಸರ್ಕಾರಿ ನೌಕರಿ ಕಡೆಗೆ

ಏಮ್ಸ್ ನಡೆಸುವ ನರ್ಸ್ ನೇಮಕಾತಿ ಪರೀಕ್ಷೆ ನಾರ್ಸೆಟ್ 2020ರಲ್ಲಿ ಶುರುವಾಯಿತು. ಈಗ ಪೂರ್ವಭಾವಿ, ಮುಖ್ಯ ಎಂದು ಎರಡು ಹಂತ. ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಕಡಿತ ಇದೆ, ಸುಮ್ನೆ ಗುಂಡು ಹೊಡೆಯಬೇಡಿ. ಹುದ್ದೆಗಳಲ್ಲಿ ಶೇ 80 ಮಹಿಳೆಯರಿಗೆ, ಹಾಗಾಗಿ ಹುಡುಗರಿಗೆ ಪೈಪೋಟಿ ಬಿಗಿ. ಕೋಚಿಂಗ್ ಬೇಡ ಅನ್ನುವುದಿಲ್ಲ. ಆದರೆ ವಾರ್ಡ್ ನೋಡದೆ ಬರೀ ಕೋಚಿಂಗ್ ರೂಮಿನಲ್ಲಿ ಕೂತವರಿಗೆ ಕೇಸ್ ಕೊಟ್ಟು ಕೇಳುವ ಪ್ರಶ್ನೆಗಳು ಕಷ್ಟವಾಗುತ್ತವೆ.

ರಾಜ್ಯದ ಶುಶ್ರೂಷಾಧಿಕಾರಿ ಹುದ್ದೆಗೆ ಅಧಿಸೂಚನೆ ಬಂದಾಗ ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನಮ್ಮ ಮೂರು ಜಿಲ್ಲೆಯವರು ಒಂದು ಗೊಂದಲಕ್ಕೆ ಬೀಳುತ್ತಾರೆ. ಸಂವಿಧಾನದ 371ಜೆ ವಿಧಿಯ ಮೀಸಲಾತಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ. ವಿಜಯಪುರದ ಪಕ್ಕದ ಕಲಬುರಗಿಗೆ ಇದೆ, ಬಾಗಲಕೋಟೆಯ ಪಕ್ಕದ ಕೊಪ್ಪಳಕ್ಕೆ ಇದೆ, ನಮ್ಮ ಮೂರಕ್ಕೂ ಇಲ್ಲ. ಅಧಿಸೂಚನೆಯಲ್ಲಿ ಒಟ್ಟು ಹುದ್ದೆ ನೋಡಿ ಖುಷಿಪಡುವ ಮುಂಚೆ ಕಲ್ಯಾಣ ಕರ್ನಾಟಕ ಬಿಟ್ಟು ಇತರ ವೃಂದದಲ್ಲಿ ಎಷ್ಟಿವೆ ಅಂತ ನೋಡಿ. ಹಳ್ಳಿ ಕಡೆ ಕೆಲಸ ಇಷ್ಟವಿದ್ದವರಿಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆಯೂ ಇದೆ. ಗುತ್ತಿಗೆ ಕೆಲಸ, ಆದರೆ ಉಪಕೇಂದ್ರ ನಿಮ್ಮ ಕೈಯಲ್ಲೇ.

ಹೊರದೇಶದ ಆಸೆ ಇದ್ದರೆ

ಎನ್‌ಕ್ಲೆಕ್ಸ್ ಬರೆಯುವ ಮುಂಚೆ ನಿಮ್ಮ ಓದಿನ ಪತ್ರಗಳನ್ನು ಅಮೆರಿಕದ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕು. ಅದಕ್ಕೆ ಕಾಲೇಜು ಮತ್ತು ನಮ್ಮ ನರ್ಸಿಂಗ್ ಕೌನ್ಸಿಲ್ ಎರಡೂ ದಾಖಲೆ ಕಳಿಸಬೇಕಾಗುತ್ತದೆ. ತಿಂಗಳುಗಟ್ಟಲೆ ಹಿಡಿಯುವುದು ಇದೇ, ಪರೀಕ್ಷೆಯಲ್ಲ. ಆಮೇಲೆ ಅಲ್ಲಿನ ಒಂದು ರಾಜ್ಯದ ನರ್ಸಿಂಗ್ ಮಂಡಳಿ ಒಪ್ಪಿಗೆ ಕೊಡಬೇಕು. ಪರೀಕ್ಷಾ ಶುಲ್ಕ 200 ಡಾಲರ್. ನಮ್ಮ ಕಡೆಯವರು ಬೆಂಗಳೂರಿನಲ್ಲೇ ಬರೆಯಬಹುದು. ಬೆಳಗಾವಿಯವರಿಗೆ ರಾಣಿ ಚೆನ್ನಮ್ಮ, ವಿಜಯಪುರ ಮತ್ತು ಬಾಗಲಕೋಟೆಯವರಿಗೆ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಇದೆ. ಆದರೆ ರಾತ್ರಿ ರೈಲಿಳಿದು ನೇರ ಪರೀಕ್ಷೆಗೆ ಕೂರಬೇಡಿ, ಒಂದು ದಿನ ಮೊದಲೇ ಹೋಗಿ. ಐದು ತಾಸಿನ ಪರೀಕ್ಷೆ ಅದು.

ಕಂಪ್ಯೂಟರ್ ನಿಮ್ಮ ಉತ್ತರ ನೋಡಿ ಮುಂದಿನ ಪ್ರಶ್ನೆ ಆರಿಸುತ್ತದೆ. ಕನಿಷ್ಠ 85, ಗರಿಷ್ಠ 150 ಪ್ರಶ್ನೆ. ಬಿಟ್ಟು ಮುಂದೆ ಹೋಗುವಂತಿಲ್ಲ, ಹಿಂದೆ ಬಂದು ತಿದ್ದುವಂತಿಲ್ಲ. 2023ರ ಏಪ್ರಿಲ್‌ನಿಂದ ಹೊಸ ಮಾದರಿ ಬಂದಿದೆ. ಒಬ್ಬ ರೋಗಿಯ ಕೇಸ್ ಶೀಟ್ ಕೊಟ್ಟು, ಅದರ ಮೇಲೆ ಆರು ಪ್ರಶ್ನೆ ಕೇಳುತ್ತಾರೆ: ಇದರಲ್ಲಿ ಯಾವುದು ಚಿಂತೆಯ ಲಕ್ಷಣ, ಮೊದಲು ಏನು ಮಾಡುತ್ತೀರಿ, ಮಾಡಿದ್ದು ಫಲ ಕೊಟ್ಟಿತಾ? ಬಾಯಿಪಾಠ ಇಲ್ಲಿ ಕೈ ಹಿಡಿಯುವುದಿಲ್ಲ. ಫಲಿತಾಂಶದಲ್ಲಿ ಅಂಕ ಇರುವುದಿಲ್ಲ, ಪಾಸ್ ಅಥವಾ ಫೇಲ್ ಅಷ್ಟೇ. ಫೇಲಾದವರಿಗೆ ಯಾವ ಭಾಗದಲ್ಲಿ ಕಡಿಮೆ ಬಿತ್ತು ಅಂತ ತೋರಿಸುವ ವರದಿ ಬರುತ್ತದೆ. ಮತ್ತೆ ಬರೆಯಲು ಕನಿಷ್ಠ 45 ದಿನ ಕಾಯಬೇಕು. ಆ ವರದಿ ಎದುರಿಗಿಟ್ಟುಕೊಂಡು ಅದೇ ಭಾಗ ಓದಿ, ಪುಸ್ತಕ ಮೊದಲಿನಿಂದ ಶುರು ಮಾಡಬೇಡಿ.