ಕಾರ್ಖಾನೆಯ ಹಳೆಯ ಟೇಬಲ್ ಸಾ: ನಾನು ಆರಿಸಿಕೊಂಡ ಬಗೆ

ನನ್ನ ಮನೆಯ ಮರಗೆಲಸದ ಕೋಣೆಗೆ ಹೊಸ ಯಂತ್ರಕ್ಕಿಂತ ಹಿಂದೆ ಕಾರ್ಖಾನೆಯಲ್ಲಿ ದುಡಿದ ಟೇಬಲ್ ಸಾ (ಮೇಜಿನ ಸೀಳಿನಿಂದ ಮೇಲಕ್ಕೆ ಚಾಚಿದ ಗುಂಡು ಬ್ಲೇಡಿನಿಂದ ಮರ ಕೊಯ್ಯುವ ಗರಗಸದ ಯಂತ್ರ) ಬೇಕೆನಿಸಲು ಮುಖ್ಯ ಕಾರಣ ಅದರ ತೂಕ. ದಪ್ಪ ಬೀಡುಕಬ್ಬಿಣದ ಮೇಜು ಮತ್ತು ಒಡಲು ಅದುರುವಿಕೆಯನ್ನು ಹೀರಿಕೊಳ್ಳುತ್ತವೆ. ಗಟ್ಟಿ ಮರದ ಹಲಗೆಯನ್ನು ಸೀಳುವಾಗ ಬ್ಲೇಡು ನಡುಗದೆ ಸಾಗಿದರೆ, ಕೊಯ್ದ ಅಂಚಿಗೆ ಆಮೇಲೆ ಕೀಸುಳಿ ಹಿಡಿಯುವ ಕೆಲಸ ಬಹಳ ಕಡಿಮೆಯಾಗುತ್ತದೆ.

ಯಂತ್ರಗಳನ್ನು ನೋಡುತ್ತಾ ಹೋದಾಗ ನಾನು ಪ್ರತಿ ಭಾಗದ ಬಗ್ಗೆಯೂ ಕೇಳಿಕೊಂಡದ್ದು ಒಂದೇ ಪ್ರಶ್ನೆ: ಇದು ಕೆಟ್ಟರೆ ಬೇರೆಯದು ಸಿಗುತ್ತದೆಯೇ? ಬೇರಿಂಗ್, ಬೆಲ್ಟ್, ಸ್ವಿಚ್ಚುಗಳು ಎಲ್ಲೆಡೆ ಸಿಗುತ್ತವೆ; ಹಲಗೆಯನ್ನು ನೇರವಾಗಿ ಸಾಗಿಸಲು ಆನಿಸುವ ಪಟ್ಟಿ, ಅಂದರೆ ಫೆನ್ಸ್, ಸವೆದಿದ್ದರೆ ಹೊಸದನ್ನು ಕೂರಿಸಬಹುದು; ಮೇಜಿನ ಮೇಲ್ಪದರದ ತುಕ್ಕನ್ನು ಉಜ್ಜಿ ತೆಗೆಯಬಹುದು. ಆದರೆ ಬ್ಲೇಡನ್ನು ಹೊತ್ತು ಏರಿಳಿಸುವ, ಓರೆಮಾಡುವ ಎರಕದ ಟ್ರನಿಯನ್ ಬಿರುಕುಬಿಟ್ಟಿದ್ದರೆ ಅದಕ್ಕೆ ಬದಲಿ ಹುಡುಕುವುದು ಬಹಳ ಕಷ್ಟ, ಬೀಡುಕಬ್ಬಿಣಕ್ಕೆ ನಂಬಿಕೆಯ ಬೆಸುಗೆ ಹಾಕುವುದೂ ಸುಲಭವಲ್ಲ. ಆದ್ದರಿಂದ ಮೇಜಿನ ಹೊಳಪನ್ನು ನೋಡುವ ಮೊದಲು ಟಾರ್ಚ್ ಹಿಡಿದು ಒಡಲೊಳಗೆ ಇಣುಕಿ, ಮರದಪುಡಿ ಮತ್ತು ಹಳೆಯ ಗ್ರೀಸನ್ನು ಒರೆಸಿ, ಹಲ್ಲುಗಳಿರುವ ಕಮಾನು ಮತ್ತು ಬೋಲ್ಟುಗಳ ಸುತ್ತಲಿನ ಜಾಗವನ್ನು ಪರೀಕ್ಷಿಸುತ್ತಿದ್ದೆ.

ಮೋಟರಿನ ವಿಚಾರವೇ ನನ್ನ ಆಯ್ಕೆಯನ್ನು ನಿರ್ಧರಿಸಿತು. ಹಳೆಯ ದೊಡ್ಡ ಯಂತ್ರಗಳಲ್ಲಿ ಕೆಲವಕ್ಕೆ ಬೆಲ್ಟೇ ಇಲ್ಲ. ಮೋಟರಿನ ಶಾಫ್ಟೇ ಬ್ಲೇಡನ್ನು ಹೊತ್ತು ತಿರುಗಿಸುವ ದಂಡ, ಅಂದರೆ ಆರ್ಬರ್, ಆಗಿರುತ್ತದೆ. ಕಟ್ಟುಮಸ್ತಾದ ವಿನ್ಯಾಸ, ನಿಜ. ಆದರೆ ಆ ಮೋಟರು ಆ ಯಂತ್ರಕ್ಕೆಂದೇ ಮಾಡಿದ್ದು. ಸುರುಳಿ ಸುಟ್ಟರೆ ಅದನ್ನೇ ಮತ್ತೆ ಸುತ್ತಿಸಬೇಕು. ಅಲ್ಲದೆ ಎರಡು ಧ್ರುವಗಳ ಅಂಥ ಮೋಟರಿನ ವೇಗ ವಿದ್ಯುತ್ತಿನ ಆವರ್ತನಕ್ಕೆ ಕಟ್ಟುಬಿದ್ದಿರುತ್ತದೆ: 60 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 3600 ಸುತ್ತಿಗೆ ತುಸು ಕಡಿಮೆ, 50 ಹರ್ಟ್ಸ್‌ನಲ್ಲಿ 3000ಕ್ಕೆ ತುಸು ಕಡಿಮೆ. ಬೆಲ್ಟಿನ ಯಂತ್ರದಲ್ಲಿ ಪುಲ್ಲಿ ಬದಲಿಸಿ ವೇಗವನ್ನು ಹೊಂದಿಸಿಕೊಳ್ಳಬಹುದು. ಅಮೆರಿಕದ ಡೆಲ್ಟಾ ಕಂಪನಿಯ ಯುನಿಸಾ ಎಂಬ ಟೇಬಲ್ ಸಾ 1939ರಲ್ಲಿ ಬಂದಾಗಿನಿಂದ ಬೆಲ್ಟಿನ ಮೇಲೆಯೇ ಓಡಿದೆ. ಬಿಡಿಭಾಗಗಳು ಇಂದಿಗೂ ಸಿಗುವ ಹಳೆಯ ಯಂತ್ರಗಳಲ್ಲಿ ಅದೂ ಒಂದು. ನಾನೂ ಆ ಮಾದರಿಯ ಹತ್ತು ಇಂಚಿನ ಯಂತ್ರವನ್ನೇ ಆರಿಸಿದೆ. ಹದಿನಾರು ಇಂಚಿನ ಬ್ಲೇಡಿನ ಗಾಂಭೀರ್ಯ ಮನಸ್ಸನ್ನು ಎಳೆಯುತ್ತದೆ, ಆದರೆ ದಪ್ಪ ದಿಮ್ಮಿಗಳನ್ನು ಸೀಳದವರಿಗೆ ಅದು ಜಾಗವನ್ನೂ ವಿದ್ಯುತ್ತನ್ನೂ ಸುಮ್ಮನೆ ತಿನ್ನುತ್ತದೆ.

ಕೊಳ್ಳುವ ಮೊದಲು ವಿದ್ಯುತ್ ಸಂಪರ್ಕ ತೆಗೆಸಿ, ಬ್ಲೇಡು ಬಿಚ್ಚಿ, ಸೂಕ್ಷ್ಮ ಓಲಾಟವನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜಿನ ಮೊನೆಯನ್ನು, ಬ್ಲೇಡು ಒರಗಿ ಕೂರುವ ಆರ್ಬರಿನ ಚಾಚುಪಟ್ಟಿಗೆ ತಾಗಿಸಿ ಕೈಯಿಂದ ಮೆಲ್ಲನೆ ತಿರುಗಿಸಿದೆ. ಮುಳ್ಳಿನ ಓಲಾಟ 0.02 ಮಿಲಿಮೀಟರಿನೊಳಗೇ ಉಳಿಯಿತು. ಈ ಅಳತೆ ಇಷ್ಟು ಮುಖ್ಯವಾಗಲು ಕಾರಣವಿದೆ: ಚಾಚುಪಟ್ಟಿಯಲ್ಲಿರುವ ಸಣ್ಣ ಸೊಟ್ಟ ಬ್ಲೇಡಿನ ಅಂಚಿಗೆ ಬರುವಷ್ಟರಲ್ಲಿ ಹಲವು ಪಟ್ಟು ಹಿಗ್ಗುತ್ತದೆ. ತಿರುಗಿಸುವಾಗ ಬೆರಳಿಗೆ ಮರಳಿನಂಥ ಗರಗರ ತಾಗಿತು; ಅದು ಬೇರಿಂಗಿನದು, ಬದಲಿಸಿದರಾಯಿತು. ಮೇಜಿನ ಮೇಲೆ ನೇರಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಇಟ್ಟು ತೆಳು ತಗಡುಗಳ ಫೀಲರ್ ಗೇಜಿನಿಂದ ಸಂದು ನೋಡಿದೆ. ಬ್ಲೇಡಿನ ಸುತ್ತ ಸಮವಾಗಿತ್ತು, ಹೊರ ಅಂಚಿನ ತಗ್ಗನ್ನು ಲೆಕ್ಕಕ್ಕಿಡಲಿಲ್ಲ.

ಮೋಟರು ಮೂರು ಫೇಸಿನದು, ಮನೆಯಲ್ಲಿರುವುದು ಒಂದೇ ಫೇಸು. ಅನೇಕರು ಇಷ್ಟಕ್ಕೇ ಹಿಂಜರಿಯುತ್ತಾರೆ, ಹಿಂಜರಿಯಬೇಕಿಲ್ಲ. ಮೂರು ಅಶ್ವಶಕ್ತಿಯವರೆಗಿನ ಮೋಟರಿಗೆ ಒಂದು ಫೇಸ್ ಪಡೆದು ಮೂರು ಫೇಸ್ ಕೊಡುವ, ಮೋಟರಿನ ವೇಗವನ್ನೂ ನಿಯಂತ್ರಿಸುವ ವಿದ್ಯುತ್ ಸಾಧನವಾದ ವಿಎಫ್‌ಡಿ ಸುಲಭವಾಗಿ ಸಿಗುತ್ತದೆ. ಆದರೆ ಮೋಟರಿನ ಫಲಕದಲ್ಲಿ ಬರೆದ ವೋಲ್ಟೇಜಿಗೂ ಮನೆಯ ವೋಲ್ಟೇಜಿಗೂ ತಾಳೆಯಾಗುತ್ತದೆಯೇ ಎಂದು ಮೊದಲೇ ನೋಡಬೇಕು. ಜೋಡಣೆಯನ್ನು ಅರ್ಹ ಎಲೆಕ್ಟ್ರಿಷಿಯನ್ ಕೈಯಿಂದಲೇ ಮಾಡಿಸಿದೆ.

ಆ ಕಾಲದ ಯಂತ್ರಗಳಲ್ಲಿ ಸುರಕ್ಷತೆಯ ಏರ್ಪಾಡು ತೀರ ಕಡಿಮೆ. ಕೊಯ್ದ ಸಂದು ಮುಚ್ಚಿಕೊಂಡು ಹಲಗೆ ಹಿಮ್ಮುಖವಾಗಿ ಚಿಮ್ಮದಂತೆ ಬ್ಲೇಡಿನ ಹಿಂದೆ ತಡೆಪಟ್ಟಿ ಇರಲೇಬೇಕು. ಅದರ ದಪ್ಪ ಬ್ಲೇಡಿನ ತಗಡಿಗಿಂತ ಹೆಚ್ಚು, ಹಲ್ಲಿನ ಅಗಲಕ್ಕಿಂತ ಕಡಿಮೆ ಇರಬೇಕು. ವಿದ್ಯುತ್ ಹೋಗಿ ಬಂದಾಗ ತಾನಾಗಿ ಓಡತೊಡಗದಂತೆ ನಿಯಂತ್ರಣವನ್ನು ಹೊಂದಿಸಿದೆವು. ಬ್ಲೇಡು ನಿಲ್ಲಲು ತೆಗೆದುಕೊಳ್ಳುವ ಹೊತ್ತನ್ನು ವಿಎಫ್‌ಡಿಯಿಂದ ಕಡಿಮೆ ಮಾಡಿಸಿದರೂ ತೀರ ಥಟ್ಟನೆ ನಿಲ್ಲುವಂತೆ ಮಾಡಿಸಲಿಲ್ಲ, ಏಕೆಂದರೆ ಆ ಎಳೆತಕ್ಕೆ ಆರ್ಬರಿನ ನಟ್ಟು ಸಡಿಲಗೊಳ್ಳಬಹುದು.