ರಸ್ತೆಯೇ ಇಲ್ಲದ ಪಾರ್ಕಿಗೆ ಹೋಗುವುದು ಹೇಗೆ?

ಅಲಾಸ್ಕಾದ ಗೇಟ್ಸ್ ಆಫ್ ದಿ ಆರ್ಕ್ಟಿಕ್ ನ್ಯಾಷನಲ್ ಪಾರ್ಕಿಗೆ ಹೋಗುವ ಆಸೆ ಇದ್ದರೆ, ಮೊದಲು ಎಷ್ಟು ದಿನ ರಜೆ ಸಿಗುತ್ತೆ ನೋಡಿಕೊಳ್ಳಿ. ಮ್ಯಾಪು ಆಮೇಲೆ. ಸುಮಾರು 84 ಲಕ್ಷ ಎಕರೆ, ಪೂರ್ತಿ ಆರ್ಕ್ಟಿಕ್ ವೃತ್ತದ ಉತ್ತರಕ್ಕಿದೆ. ಒಳಗೆ ರಸ್ತೆ ಇಲ್ಲ, ಕಾಲುದಾರಿ ಇಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ಪ್ರವೇಶ ಶುಲ್ಕವೂ ಇಲ್ಲ.

ಹೆಚ್ಚಿನವರು ಅಲಾಸ್ಕಾದ ನಗರ ಫೇರ್‌ಬ್ಯಾಂಕ್ಸ್‌ನಿಂದ ಸಣ್ಣ ವಿಮಾನದಲ್ಲಿ ಬೆಟಲ್ಸ್ ಎಂಬ ಪುಟ್ಟ ಊರಿಗೆ ಹೋಗಿ, ಅಲ್ಲಿಂದ ನೀರಿನ ಮೇಲೆ ಇಳಿಯುವ ಬಾಡಿಗೆ ವಿಮಾನದಲ್ಲಿ ಯಾವುದಾದರೂ ಕೆರೆ ಹತ್ತಿರ ಇಳಿಯುತ್ತಾರೆ. ಪಾರ್ಕಿನ ಹೊರಗೆ ಹಾದುಹೋಗುವ ಡಾಲ್ಟನ್ ಹೆದ್ದಾರಿಯಿಂದ ನಡೆದೂ ಹೋಗಬಹುದು. ಆದರೆ ಹಾಗೆ ಹೋದರೆ ನದಿ ದಾಟಬೇಕಾಗುತ್ತೆ.

ಮೋಡ ಇಳಿದರೆ ವಿಮಾನ ಬರುವುದಿಲ್ಲ. ಒಂದು ದಿನ ಅಲ್ಲ, ಎರಡು ಮೂರು ದಿನ ಕಾಯಬೇಕಾಗಬಹುದು. ಅಷ್ಟು ದಿನದ ಊಟ ಜಾಸ್ತಿ ಇಟ್ಟುಕೊಳ್ಳಿ, ವಾಪಸ್ ಬರುವ ದೊಡ್ಡ ವಿಮಾನದ ಟಿಕೆಟ್ಟನ್ನು ಮಾರನೇ ದಿನಕ್ಕೇ ಮಾಡಿಸಬೇಡಿ.

ಇನ್ನು ನಡಿಗೆ. ಇಲ್ಲಿ ದಿನಕ್ಕೆ 10 ಕಿ.ಮೀ. ನಡೆದರೆ ಅದೇ ಚೆನ್ನಾಗಿ ನಡೆದ ಹಾಗೆ. ಯಾಕೆ ಅಂದರೆ ಟಸಕ್. ದೂರದಿಂದ ಹಸಿರು ಬಯಲಿನ ಹಾಗೆ ಕಾಣುತ್ತೆ, ಹತ್ತಿರ ಹೋದರೆ ಮೊಣಕಾಲೆತ್ತರದ ಹುಲ್ಲಿನ ಗಡ್ಡೆಗಳು. ಮೇಲೆ ಕಾಲಿಟ್ಟರೆ ಗಡ್ಡೆ ಪಕ್ಕಕ್ಕೆ ವಾಲುತ್ತೆ, ನಡುವೆ ಇಟ್ಟರೆ ಬೂಟು ತಣ್ಣನೆ ಕೆಸರಿನಲ್ಲಿ ಹೂತುಹೋಗುತ್ತೆ, ಬೆನ್ನ ಮೇಲಿನ ಇಪ್ಪತ್ತು ಕೆಜಿ ಚೀಲ ನಿಮ್ಮನ್ನು ಇನ್ನೊಂದು ಕಡೆಗೆ ಎಳೆಯುತ್ತೆ, ಹೀಗೇ ಗಂಟೆಗಟ್ಟಲೆ. ಕೈಯಲ್ಲಿ ಎರಡು ಕೋಲು ಇರಲೇಬೇಕು. ಮೊದಲ ಸಲ ಹೋಗುವವರು ಉದ್ದದ ದಾರಿ ಹಾಕಿಕೊಳ್ಳುವುದು ಬೇಡ, ಒಂದು ಕೆರೆ ಪಕ್ಕ ಟೆಂಟ್ ಹಾಕಿ ದಿನಾ ಒಂದೊಂದು ದಿಕ್ಕಿಗೆ ಹೋಗಿ ಬನ್ನಿ ಅಂತಲೇ ನಾನು ಹೇಳುವುದು. ಇಲ್ಲವೇ ಗಾಳಿ ತುಂಬಿಸುವ ದೋಣಿ ತಗೊಂಡು ಅಲಟ್ನಾ ಅಥವಾ ನೋಟಾಕ್ ನದಿಯಲ್ಲಿ ಸಾಗಿ.

ನದಿ ನಡೆದು ದಾಟುವಾಗ ಚೀಲದ ಸೊಂಟದ ಪಟ್ಟಿ ಬಿಚ್ಚಿಡಿ. ಬಿದ್ದರೆ ಚೀಲ ಕಳಚಿ ಎಸೆಯಬೇಕಲ್ವಾ? ಮಳೆ ಬಂದು ನೀರು ಏರಿದ್ದರೆ ನದಿಗೆ ಇಳಿಯಲೇಬೇಡಿ, ನೀರು ತಗ್ಗುವವರೆಗೆ ದಡದಲ್ಲೇ ಕಾಯಿರಿ. ಅದಕ್ಕೂ ದಿನ ಬೇಕು.

ಕರಡಿಗೆ ತೆಗೆಯಲಾಗದ ಊಟದ ಡಬ್ಬಿ ಕಡ್ಡಾಯ. ಬೆಟಲ್ಸ್‌ನ ರೇಂಜರ್ ಕಚೇರಿಯಲ್ಲಿ ಬಳಸಿ ವಾಪಸ್ ಕೊಡಲು ಉಚಿತವಾಗಿ ಕೊಡುತ್ತಾರೆ. ಅಡುಗೆ, ಡಬ್ಬಿ ಎರಡೂ ಟೆಂಟಿನಿಂದ ನೂರು ಹೆಜ್ಜೆ ದೂರ ಇರಲಿ. ಸ್ಟೋವಿನ ಗ್ಯಾಸು, ಕರಡಿ ಓಡಿಸುವ ಸ್ಪ್ರೇ ದೊಡ್ಡ ವಿಮಾನದಲ್ಲಿ ಒಯ್ಯುವ ಹಾಗಿಲ್ಲ, ಫೇರ್‌ಬ್ಯಾಂಕ್ಸ್‌ಗೆ ಬಂದ ಮೇಲೆ ವಿಚಾರಿಸಿ ಕೊಳ್ಳಿ. ಸಣ್ಣ ವಿಮಾನ ಹತ್ತುವ ಮೊದಲು ಪೈಲಟ್‌ಗೆ ತಿಳಿಸಿ.

ಜೂನ್ ಕೊನೆ, ಜುಲೈನಲ್ಲಿ ರಾತ್ರಿಯೂ ಬೆಳಕು, ಆದರೆ ಸೊಳ್ಳೆ ವಿಪರೀತ, ಮುಖಕ್ಕೆ ಬಲೆ ಇಲ್ಲದೆ ತುತ್ತು ಬಾಯಿಗಿಡುವುದೂ ಕಷ್ಟ. ಆಗಸ್ಟ್ ಕೊನೆಗೆ ಸೊಳ್ಳೆ ಕಡಿಮೆ, ನೆಲವೆಲ್ಲ ಕೆಂಪು. ಹಿಮ ಬೀಳಲೂಬಹುದು, ಬೆಚ್ಚನೆ ಬಟ್ಟೆ ಇರಲಿ.

ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸಾಧನ ಬಾಡಿಗೆಗಾದರೂ ತಗೊಳ್ಳಿ. ಎಲ್ಲಿ ಇಳಿಯುತ್ತೀರಿ, ಎಲ್ಲಿಂದ ಹತ್ತುತ್ತೀರಿ, ಎಷ್ಟು ದಿನ ತಡವಾದರೆ ಗಾಬರಿಪಡಬೇಕು ಅಂತ ಮನೆಯವರಿಗೆ ಬರೆದುಕೊಡಿ. ಬೆಟಲ್ಸ್‌ಗೆ ವಾಪಸ್ ಬಂದ ತಕ್ಷಣ ಮೊದಲು ಅವರಿಗೆ ಸುದ್ದಿ ಮುಟ್ಟಿಸಿ.